ಕುಂದ್ರಾಕ ಒಂದೀಟ ಜಾಗ

ಬಸ್ಸಿಗಿಂತ ಮೊದಲು ಬಾತುಗಳು ಬಂದವು. ಸಂಕ್ರಾಂತಿ ಮುಗಿದು ವಾರವಾಗಿತ್ತು, ಚಳಿ ಇನ್ನೂ ಕೆರೆಯ ಮೇಲೇ ಕೂತಿತ್ತು. ರಾತ್ರಿ ಎರೆಹೊಲಗಳಲ್ಲಿ ಮೇಯ್ದ ಪಟ್ಟೆತಲೆ ಹೆಬ್ಬಾತುಗಳು ಗುಂಪುಗುಂಪಾಗಿ ಮಾಗಡಿ ಕೆರೆಗೆ ಮರಳುತ್ತಿದ್ದವು. ತಲೆಯ ಹಿಂದೆ ಎರಡು ಕಪ್ಪು ಗೀರು, ಹಳದಿ ಕೊಕ್ಕು, ಮೂಗಿನಲ್ಲಿ ಮಾತಾಡಿದಂಥ ಕೂಗು. ಹಿಮಾಲಯ ದಾಟಿ ಬರುವ ಇವುಗಳನ್ನು ನಮ್ಮ ದೊಡ್ಡವ್ವ 'ದೂರದ ಬೀಗರು' ಅನ್ನುತ್ತಾಳೆ. ಚಳಿ ಹಿಡಿದು ಬರುವ, ಬಿಸಿಲು ಏರುತ್ತಲೇ ಹೊರಟುಬಿಡುವ ಬೀಗರು. 2024ರ ಜನವರಿ ಕೊನೆಯಲ್ಲಿ ನಮ್ಮ ಈ ಐವತ್ತು ಹೆಕ್ಟೇರಿನ ಕೆರೆ ಜಾಗತಿಕ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಈಗ ಏರಿಯ ಮೇಲೆ ಕ್ಯಾಮೆರಾ ಹಿಡಿದವರ ಕಾರುಗಳೂ ಕಾಣುತ್ತವೆ.

ದೊಡ್ಡವ್ವನಿಗೆ ಆ ದಿನ ಬೇರೆ ಬೀಗರ ಚಿಂತೆ. ಮೊಮ್ಮಗಳ ಮದುವೆ ಗೊತ್ತಾಗಿತ್ತು. ಜವಳಿ, ಲಗ್ನಪತ್ರಿಕೆ, ಕುಪ್ಪಸದ ಅಳತೆ ಎಲ್ಲವನ್ನೂ ಒಂದೇ ದಿನದಲ್ಲಿ ಮುಗಿಸಿಕೊಂಡು ಬರಬೇಕು. ಮೂವರು ಹೊರಟಿದ್ದೆವು: ದೊಡ್ಡವ್ವ, ಮದುವೆಯ ಹುಡುಗಿ, ನಾನು. ದೊಡ್ಡವ್ವನ ಕೈಯಲ್ಲಿ ನೂಲಿನ ಚೀಲ, ಚೀಲದಲ್ಲಿ ಬಿಳಿ ಅರಿವೆಯಲ್ಲಿ ಕಟ್ಟಿದ ಬುತ್ತಿ. "ಅಮ್ಮಾ, ಗದಗಿನ್ಯಾಗ ಹೋಟೆಲ್ ಇಲ್ಲೇನ?" ಎಂದು ಹುಡುಗಿ ಕೇಳಿದಳು. ನಮ್ಮ ಕಡೆ ಅಜ್ಜಿಯನ್ನು ಅಮ್ಮ ಎಂದೇ ಕರೆಯುತ್ತೇವೆ. "ಹೋಟೆಲ್‌ದಾಗ ಉಂಡರ ಎದ್ದ ಹೋಗಂತಾರ. ಬುತ್ತಿ ಇದ್ದರ ನಮಗ ಬೇಕಾದಷ್ಟೊತ್ತು ಕುಂದ್ರಬಹುದು" ಎಂದಳು ಮುದುಕಿ. ದಿನವಿಡೀ ಅವಳು ಹುಡುಕಿದ್ದು ಇದನ್ನೇ ಎಂಬುದು ನನಗೆ ಸಂಜೆಯ ಹೊತ್ತಿಗೆ ತಿಳಿಯಿತು.

ಮಾಗಡಿಯಿಂದ ಗದಗ ಇಪ್ಪತ್ತಾರು ಕಿಲೋಮೀಟರು. ಎರಡೂ ಕಡೆ ತೆನೆ ತುಂಬಿದ ಬಿಳಿಜೋಳ, ನಡುನಡುವೆ ಕಡಲೆ, ಅಂಚಿಗೆ ಮುಳ್ಳಿನ ಬೇಲಿಯ ಹಾಗೆ ಕುಸುಬೆಯ ಸಾಲು. ಬಸ್ಸಿನ ತುಂಬ ಹೆಂಗಸರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಟಿಕೀಟಿನ ಹಣ ಉಳಿದ ಮೇಲೆ ಪ್ಯಾಟಿಗೆ ಹೋಗುವುದು ಹಬ್ಬದ ಮಾತಾಗಿ ಉಳಿದಿಲ್ಲ. ಒಬ್ಬಾಕೆ ಸೊಸೆಯ ಔಷಧಕ್ಕೆ ಹೊರಟಿದ್ದಳು, ಒಬ್ಬಾಕೆ ಸಂಘದ ಕಂತು ತುಂಬಲು, ಇನ್ನೊಬ್ಬಾಕೆ ಮಗಳಿಗೆ ಬಳೆ ಕೊಡಿಸಲು. ಗಂಡಸರು ಪಟ್ಟಿ ಬರೆದುಕೊಂಡು ಹೋಗಿ ಸಾಮಾನು ತರುತ್ತಿದ್ದ ಕಾಲದಲ್ಲಿ ಪ್ಯಾಟಿ ಬೇರೆ ಇತ್ತು. ಈಗ ಕೊಳ್ಳುವವರೇ ಬದಲಾಗಿದ್ದಾರೆ. ಗದಗಿನ ಅಂಗಡಿಗಳ ಬದಲಾವಣೆಯ ಮಾತು ಬಂದಾಗಲೆಲ್ಲ ಈ ಬಸ್ಸನ್ನು ಮರೆಯಬಾರದು ಅನ್ನಿಸುತ್ತದೆ ನನಗೆ.

ಮುಳಗುಂದ ನಾಕಾ ಬಂತು. ನಾಕಾ ಅಂದರೆ ಊರೊಳಗೆ ಬರುವ ಮಾಲಿನ ಮೇಲೆ ಜಕಾತಿ ವಸೂಲಿ ಮಾಡುತ್ತಿದ್ದ ಕಟ್ಟೆ. ಜಕಾತಿ ಹೋಗಿ ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಉಳಿದಿದೆ. ಹಾತಲಗೇರಿ ನಾಕಾ ಹಾಗೆಯೇ, ಟಾಂಗಾಕೂಟವೂ ಹಾಗೆಯೇ. ಟಾಂಗಾಕೂಟದಲ್ಲಿ ಈಗ ಒಂದೂ ಕುದುರೆಯಿಲ್ಲ, ಆಟೋಗಳಿವೆ, ಮೊಬೈಲಿನ ಗಾಜು ಬದಲಿಸಿ ಕೊಡುವ ಗೂಡುಗಳಿವೆ. ಅಲ್ಲಿ ಆಟೋ ಹತ್ತುವ ಕಾಲೇಜು ಹುಡುಗರಿಗೆ ಟಾಂಗಾ ಅಂದರೇನು ಎಂದು ಕೇಳಿದರೆ ನಗುತ್ತಾರೆ. ಕಸುಬು ಹೋದ ಮೇಲೂ ಅದರ ಹೆಸರನ್ನು ಒಂದೆರಡು ತಲೆಮಾರು ಕಾಯುವ ಗುಣ ಈ ಊರಿಗಿದೆ.

ಹುಡುಗಿ ನೇರವಾಗಿ ಮುಖ್ಯರಸ್ತೆಯ ಗಾಜಿನ ಬಾಗಿಲಿನ ಬಟ್ಟೆ ಅಂಗಡಿಗೆ ಕರೆದೊಯ್ದಳು. ಮೂರು ಮಹಡಿ, ಲಿಫ್ಟು, ಬಾಗಿಲು ತೆಗೆದ ಕೂಡಲೇ ಮುಖಕ್ಕೆ ಬಡಿಯುವ ತಂಪು ಗಾಳಿ. ದೊಡ್ಡವ್ವ ಬಾಗಿಲಲ್ಲಿ ನಿಂತು ಚಪ್ಪಲಿ ಬಿಟ್ಟಳು. "ಹಾಕ್ಕೊಂಡ ಬರ್ರಿ ಅಮ್ಮಾರ" ಎಂದ ಕಾವಲಿನ ಹುಡುಗ. ಅವಳು ಕೇಳಲಿಲ್ಲ. ಕಟ್ಟಿಗೆ ಕಪಾಟು, ಬಿಳಿ ಹಾಸು, ಊದಿನಕಡ್ಡಿಯ ವಾಸನೆ ಇದ್ದ ಅಂಗಡಿಗೆ ಐವತ್ತು ವರ್ಷ ಬರಿಗಾಲಲ್ಲಿ ಹೊಕ್ಕವಳು. ಲಕ್ಷ್ಮಿ ಇರುವ ಜಾಗಕ್ಕೆ ಚಪ್ಪಲಿ ಮೆಟ್ಟಿಕೊಂಡು ಹೋಗಬಾರದು ಎಂಬುದು ಅವಳಿಗೆ ಯಾರೂ ಹೇಳಿಕೊಟ್ಟ ನಿಯಮವಲ್ಲ.

ಒಳಗೆ ಹೋಗಿ ಸುತ್ತಲೂ ನೋಡಿದಳು. ಸೀರೆಗಳು ಪ್ಲಾಸ್ಟಿಕ್ ಹೊದ್ದು ಸಾಲಾಗಿ ತೂಗಾಡುತ್ತಿದ್ದವು, ಒಂದೊಂದರ ಕಿವಿಗೂ ಬೆಲೆಯ ಚೀಟಿ. ಮಾರುವ ಹುಡುಗಿಯರು ನಿಂತೇ ಇದ್ದರು. ಕೊಳ್ಳುವವರೂ ನಿಂತೇ ಇದ್ದರು. ದೊಡ್ಡವ್ವ ಮೆಲ್ಲಗೆ ನನ್ನ ಅಂಗಿಯ ತುದಿ ಎಳೆದಳು. "ತಮ್ಮಾ, ಕುಂದ್ರಾಕ ಎಲ್ಲೈತೋ?"

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಇದೇ ರಸ್ತೆಯಲ್ಲಿ ನಾನು ಚಿಕ್ಕವನಿದ್ದಾಗ ನೋಡಿದ ಜವಳಿ ಅಂಗಡಿ ಅಂದರೆ ಮೊದಲು ಗಾದಿ, ಆಮೇಲೆ ಬಟ್ಟೆ. ಗೋಡೆಯಿಂದ ಗೋಡೆಗೆ ಹಾಸಿದ ದಪ್ಪ ಗಾದಿ, ಮೇಲೆ ಬಿಳಿ ಹಾಸು, ಒರಗಲು ಲೋಡು. ಹೋದ ಕೂಡಲೇ "ಬರ್ರಿ, ಕುಂದರ್ರಿ, ಮಳಿ ಹ್ಯಾಂಗೈತ್ರಿ ನಿಮ್ಮ ಕಡೆ?" ಎಂಬ ಮಾತು. ನೀರಿನ ತಂಬಿಗೆ, ಹಿಂದೆಯೇ ಬಾಜೂ ಹೋಟೆಲಿನಿಂದ ಚಹಾ. ನಂತರ ಒಂದೊಂದಾಗಿ ಇಳಕಲ್ ಸೀರೆಗಳು ಬಿಚ್ಚಿಕೊಳ್ಳುತ್ತಿದ್ದವು. ಗೋಮಿ ದಡಿ, ಚಿಕ್ಕಿಪರಾಸ, ಗಾಡಿ ದಡಿ, ತೋಪುತೆನೆ ಸೆರಗು. ಗುಳೇದಗುಡ್ಡದ ಖಣಗಳು ಗಂಟಿನಿಂದ ಬಂದು ಅವುಗಳ ಪಕ್ಕ ಬೀಳುತ್ತಿದ್ದವು. ಯಾವ ಸೀರೆ ಯಾವ ಮುತ್ತೈದೆಗೆ ಎಂದು ಮನೆಯ ಹೆಂಗಸರು ಅಲ್ಲೇ ಕೂತು ಲೆಕ್ಕ ಹಾಕುತ್ತಿದ್ದರು. ಅಂಗಡಿಕಾರನೂ ಆ ಲೆಕ್ಕದಲ್ಲಿ ಒಬ್ಬ: "ಹೋದ ಲಗ್ನಕ್ಕ ನಿಮ್ಮ ನಾದಿನಿಗೆ ಹಸರ ಒಯ್ದೀರಿ, ಈ ಸರ್ತಿ ಬ್ಯಾರೆ ಬಣ್ಣ ಒಯ್ರಿ." ಹಣ ಕಡಿಮೆ ಬಿದ್ದರೆ ಕೆಂಪು ವಹಿಯಲ್ಲಿ ಹೆಸರು. ಸುಗ್ಗಿ ಬಂದಾಗ ತೀರಿಸಿದರಾಯಿತು.

ಇದನ್ನು ಬರೆಯುವಾಗ ಮನಸ್ಸು ಆ ಗಾದಿಯ ಮೇಲೆ ಜಾರಿ ಕೂರುತ್ತದೆ. ಆದರೆ ಅದೇ ಹೊತ್ತಿಗೆ ಮೊಮ್ಮಗಳು ಆಡಿದ ಮಾತನ್ನೂ ಬರೆಯಲೇಬೇಕು. ಅವಳು ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದಾಳೆ, ತನ್ನ ದುಡ್ಡಿನಲ್ಲಿ ತನ್ನ ಸೀರೆ ಕೊಳ್ಳುತ್ತಿದ್ದಳು. "ಕಾಕಾ, ಇಲ್ಲಿ ಯಾರೂ ನೀ ಯಾರ ಪೈಕಿ, ಯಾವ ಓಣಿ ಅಂತ ಕೇಳಂಗಿಲ್ಲ. ಚೀಟಿ ಮ್ಯಾಲ ಏನೈತಿ ಅದ ರೊಕ್ಕ. ಬ್ಯಾಡಾದರ ಬಿಟ್ಟ ಬರಬಹುದು, ಯಾರೂ ಮಾರಿ ಸಣ್ಣದ ಮಾಡಂಗಿಲ್ಲ." ಅವಳ ಜೊತೆ ಓದಿದ ಗೆಳತಿಯೊಬ್ಬಳ ಅಜ್ಜಿ ಹಳೆಯ ಅಂಗಡಿಯ ಮೆಟ್ಟಿಲ ಕೆಳಗೆ ನಿಂತೇ ಸೀರೆ ಕೊಳ್ಳುತ್ತಿದ್ದಳಂತೆ. ಮೇಲಿನಿಂದ ಎಸೆದ ಸೀರೆಯನ್ನು ಸೆರಗಿನಲ್ಲಿ ಹಿಡಿದು, ಬೆಲೆ ಕೇಳಿ, ಹಣವನ್ನು ಮೆಟ್ಟಿಲ ಮೇಲೆ ಇಟ್ಟು ಬರುತ್ತಿದ್ದಳಂತೆ. ಗಾದಿ ದೊಡ್ಡದಿತ್ತು, ಆದರೆ ಎಲ್ಲರದೂ ಆಗಿರಲಿಲ್ಲ. ನಾನು ಕೂತ ಜಾಗದಿಂದ ಆ ಮೆಟ್ಟಿಲು ಕಾಣುತ್ತಿರಲಿಲ್ಲ ಅಷ್ಟೇ. ಗಾಜಿನ ಅಂಗಡಿಗೆ ಆ ಗೆಳತಿಯೂ ಬರುತ್ತಾಳೆ, ಕನ್ನಡಿ ಮುಂದೆ ನಿಂತು ಬೇಕಾದ್ದನ್ನು ಮೈಮೇಲೆ ಹಾಕಿ ನೋಡುತ್ತಾಳೆ. ಹಿಂದಿನ ಅಂಗಡಿ ಕೆಲವರನ್ನು ಕೂರಿಸಿ ಕೆಲವರನ್ನು ನಿಲ್ಲಿಸುತ್ತಿತ್ತು. ಈಗಿನದು ಎಲ್ಲರನ್ನೂ ಸಮನಾಗಿ ನಿಲ್ಲಿಸುತ್ತದೆ. ಇವೆರಡರಲ್ಲಿ ಯಾವುದು ಮೇಲು ಎಂದು ಕೇಳಿದರೆ ಎರಡನೆಯದೇ ಮೇಲು ಎನ್ನುತ್ತೇನೆ, ತಡವರಿಸದೆ. ಆದರೂ ಎಲ್ಲರನ್ನೂ ಕೂರಿಸುವ ಅಂಗಡಿ ಏಕೆ ಬರಲಿಲ್ಲ ಎಂಬ ಹಟ ನನಗಿದೆ.

ಬಿಲ್ಲು ಮಾಡುವ ಹುಡುಗ ಮೊಬೈಲ್ ನಂಬರು ಕೇಳಿದ. ಹೆಸರನ್ನಾಗಲಿ ಊರನ್ನಾಗಲಿ ಕೇಳಲಿಲ್ಲ.

ಲಗ್ನಪತ್ರಿಕೆಗೆ ನಾವು ಓಣಿಯೊಳಗೆ ಹೊಕ್ಕೆವು. ಗದಗಕ್ಕೆ 'ಮುದ್ರಣ ಕಾಶಿ' ಎಂಬ ಹೆಸರಿದೆ. ಪುರಾಣ, ಬಯಲಾಟದ ಪುಸ್ತಕ, ವಚನಗಳ ಕಟ್ಟು, ಶಾಲೆಯ ಗೈಡು, ಪಂಚಾಂಗ, ಕ್ಯಾಲೆಂಡರು, ವ್ಯಾಪಾರಿಗಳ ಕೀರ್ದಿ-ಖತಾವಣಿ: ಉತ್ತರ ಕರ್ನಾಟಕದ ಹಳ್ಳಿಮನೆಗಳ ಮಾಡದಲ್ಲಿ ಕೂತ ಎಷ್ಟೋ ಪುಸ್ತಕಗಳ ಕೊನೆಯ ಪುಟದಲ್ಲಿ ಗದಗ ಎಂದು ಅಚ್ಚಾಗಿರುತ್ತದೆ. ನಮ್ಮ ಮನೆಯ ದೇವಿ ಪುರಾಣ ಶಾಬಾದಿಮಠ ಬುಕ್ ಡಿಪೋದ್ದು. ಮುಂದೆ ಲಾರಿಗಳಿಂದ ಹೆಸರಾದ ವಿಜಯ ಸಂಕೇಶ್ವರರ ಮನೆತನದ ಮೊದಲ ಉದ್ಯೋಗವೂ ಇದೇ ಊರಿನ ಅಚ್ಚುಕೂಟ. 1976ರಲ್ಲಿ ಒಂದೇ ಲಾರಿಯಿಂದ ಅವರು ಬೇರೆ ದಾರಿ ಹಿಡಿದರು.

ಮೊಳೆ ಜೋಡಿಸುತ್ತಿದ್ದ ಕಾಲದ ಅಚ್ಚುಕೂಟ ನನಗೆ ಚೆನ್ನಾಗಿ ನೆನಪಿದೆ. ಇಳಿಜಾರಾಗಿ ನಿಲ್ಲಿಸಿದ ಕಟ್ಟಿಗೆಯ ಕೇಸು, ನೂರಾರು ಸಣ್ಣ ಮನೆ, ಒಂದೊಂದು ಮನೆಯಲ್ಲಿ ಒಂದೊಂದು ಅಕ್ಷರ. ಕನ್ನಡಕ್ಕೆ ಇಂಗ್ಲಿಷಿಗಿಂತ ಎಷ್ಟೋ ಹೆಚ್ಚು ಮನೆ ಬೇಕು. ಕಾಗುಣಿತ ಬೇರೆ, ಒತ್ತಕ್ಷರ ಬೇರೆ. ಕಂಪೋಜಿಟರನ ಬೆರಳು ನೋಡದೆಯೇ 'ಶ್ರೀ' ಇರುವ ಮನೆಗೆ ಹೋಗುತ್ತಿತ್ತು. ಮದುವೆಯ ಕಾಲದಲ್ಲಿ ಬೇಗ ಸವೆಯುವುದು ಅದೇ ಮೊಳೆ. ಟ್ರೆಡಲ್ ಯಂತ್ರ ಕಾಲಿನಿಂದ ತುಳಿದಂತೆ ಬಾಯಿ ತೆರೆದು ಮುಚ್ಚುತ್ತಿತ್ತು, ಮುಚ್ಚುವ ಮುನ್ನ ಕೈ ಹಾಕಿ ಕಾಗದ ಇಟ್ಟು ತೆಗೆಯಬೇಕು. ಯಂತ್ರದ ಬಡಿತ ಓಣಿಯ ಎರಡೂ ತುದಿಗೆ ಕೇಳುತ್ತಿತ್ತು. ಹೊರಗೆ ಉದ್ದನೆಯ ಬೆಂಚು. ಕರಡು ತಿದ್ದಲು ಬಂದವರು ಅಲ್ಲಿ ತಾಸುಗಟ್ಟಲೆ ಕೂರಬೇಕು. ಆ ಬೆಂಚಿನ ಮೇಲೆ ಒಂದು ಊರಿನ ಲಗ್ನ ಇನ್ನೊಂದು ಊರಿಗೆ ಗೊತ್ತಾಗುತ್ತಿತ್ತು, 'ನಿಮ್ಮ ಪೈಕಿ ಒಂದು ಹುಡುಗ ಇದ್ದರ ನೋಡ್ರಿ' ಎಂಬ ಮಾತು ಹುಟ್ಟುತ್ತಿತ್ತು. ಪತ್ರಿಕೆ ಅಚ್ಚು ಹಾಕಿಸಲು ಬಂದವನು ಮತ್ತೊಂದು ಲಗ್ನದ ಸುದ್ದಿ ಹೊತ್ತು ಮನೆಗೆ ಹೋಗುತ್ತಿದ್ದ.

ಈಗ ನಾವು ಹೋದ ಅಂಗಡಿಯಲ್ಲಿ ಒಬ್ಬ ಹುಡುಗ ಕಂಪ್ಯೂಟರ್ ಮುಂದೆ ಕೂತಿದ್ದ. ಅವನ ಹಿಂದೆ ಫ್ಲೆಕ್ಸ್ ಯಂತ್ರ ಅಗಲವಾದ ಹಾಳೆಯನ್ನು ಸದ್ದಿಲ್ಲದೆ ಹೊರಗೆ ಉಗುಳುತ್ತಿತ್ತು, ಯಾರದೋ ಹುಟ್ಟುಹಬ್ಬದ ಶುಭಾಶಯ. "ಪತ್ರಿಕಿ ಎಷ್ಟ ಬೇಕ್ರಿ?" ಎಂದ. ಎಂಟುನೂರು ಎಂದಳು ದೊಡ್ಡವ್ವ. ಹುಡುಗಿ ತಿದ್ದಿದಳು: "ಎರಡನೂರು ಸಾಕು. ಉಳದವ್ರಿಗೆ ವಾಟ್ಸ್ಯಾಪ್." ಮುದುಕಿಗೆ ಇದು ಒಪ್ಪಿಗೆಯಿಲ್ಲ. ಪತ್ರಿಕೆ ಅಂದರೆ ಮನೆಗೆ ಹೋಗಿ, ಅರಿಷಿಣ-ಕುಂಕುಮ ಹಚ್ಚಿ, ಕೈಯಲ್ಲಿ ಕೊಟ್ಟು, ಕೂತು, ಒಂದು ಕಪ್ ಚಹಾ ಕುಡಿದು ಬರುವುದು. ಚರ್ಚೆ ನಡೆದು ಐನೂರಕ್ಕೆ ನಿಂತಿತು. ಹುಡುಗ ಸಭ್ಯ. ಮುದುಕಿ ನಿಂತದ್ದು ನೋಡಿ ತಾನು ಕೂತ ಕುರ್ಚಿಯನ್ನೇ ಕೊಟ್ಟ, ಆಮೇಲೆ ಅಕ್ಷರ ಕುಟ್ಟಲು ಬಗ್ಗಿ ನಿಲ್ಲಬೇಕಾಯಿತು. ಮೂಲೆಯಲ್ಲಿ ಹಳೆಯ ಟ್ರೆಡಲ್ ಒಂದು ಇನ್ನೂ ಇತ್ತು. ಅವನ ತಂದೆಯದಂತೆ. ಗುಜರಿಗೆ ಹಾಕಲು ಮನಸ್ಸಾಗದೆ, ಬಿಲ್ ಬುಕ್ಕುಗಳಿಗೆ ಅನುಕ್ರಮ ಸಂಖ್ಯೆ ಒತ್ತಲು ಈಗಲೂ ಬಳಸುತ್ತಾನಂತೆ. "ಇದರ ನಂಬರ್ ಕಾಗದದಾಗ ಒತ್ತಿ ಕುಂದರತೈತ್ರಿ" ಎಂದು ಹಾಳೆಯ ಹಿಂಬದಿ ತಿರುವಿ, ನನ್ನ ಬೆರಳು ಹಿಡಿದು ಆ ಉಬ್ಬಿನ ಮೇಲೆ ಆಡಿಸಿದ. ಕೆಂಪು ಅರಿವೆಯ ವಹಿಗಳ ಕಟ್ಟು ಇನ್ನೊಂದು ಮೂಲೆಯಲ್ಲಿತ್ತು. ದೀಪಾವಳಿಯ ಲಕ್ಷ್ಮೀ ಪೂಜೆಗೆ ಇಂದಿಗೂ ಅಂಗಡಿಕಾರರು ಅದನ್ನೇ ಒಯ್ಯುತ್ತಾರೆ. ಪೂಜೆ ವಹಿಗೆ, ಲೆಕ್ಕ ಕಂಪ್ಯೂಟರಿನಲ್ಲಿ.

ಓಣಿ ದಾಟಿ ಬಂದರೆ ಊರಿನ ನಟ್ಟನಡುವೆ ಬಯಲು. ಇದು ವಕಾರಸಾಲು.

ವಕಾರ ಅಂದರೆ ಹತ್ತಿ ಇಡುವ ಉಗ್ರಾಣ. ಗದಗ ಹತ್ತಿಯಿಂದ ಬೆಳೆದ ಊರು. ಅಮೆರಿಕದಲ್ಲಿ 1861ರಿಂದ 65ರವರೆಗೆ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಇಂಗ್ಲೆಂಡಿನ ಗಿರಣಿಗಳ ಕಣ್ಣು ಧಾರವಾಡ ಸೀಮೆಯ ಕಪ್ಪುಮಣ್ಣಿನ ಮೇಲೆ ಬಿತ್ತು. 1880ರ ದಶಕದಲ್ಲಿ ರೈಲು ಬಂತು. ಒಂದು ಹಳಿ ಹುಬ್ಬಳ್ಳಿಗೆ, ಒಂದು ಗುಂತಕಲ್ಲಿನ ಕಡೆಗೆ, ಇನ್ನೊಂದು ವಿಜಯಪುರದ ಮೇಲೆ ಸೋಲಾಪುರದ ಹೊಟಗಿಗೆ. ಮೂರು ದಾರಿ ಕೂಡಿದ ಕಡೆ ಜಿನ್ನುಗಳು, ಪ್ರೆಸ್ಸುಗಳು, ವಕಾರಗಳು ಎದ್ದವು. ದೊಡ್ಡಪ್ಪ ಚಕ್ಕಡಿಯಲ್ಲಿ ಹತ್ತಿ ಅಂಡಿಗೆ ಹೇರಿಕೊಂಡು ರಾತ್ರಿಯೇ ಮಾಗಡಿ ಬಿಡುತ್ತಿದ್ದ. ಬೆಳಗಾಗುವ ಹೊತ್ತಿಗೆ ಮುಳಗುಂದ ನಾಕಾ, ಬಿಸಿಲೇರುವ ಹೊತ್ತಿಗೆ ದಲಾಲಿ ಅಂಗಡಿ. ಲಿಲಾವು ಮುಗಿದು ಪಟ್ಟಿ ಕೈಗೆ ಬರುವ ತನಕ ಒಮ್ಮೊಮ್ಮೆ ಎರಡು ದಿನ. ಆ ಎರಡು ದಿನ ದಲಾಲಿ ಅಂಗಡಿಯ ಪಡಸಾಲೆಯೇ ಮನೆ. ಊಟವೂ ಅಲ್ಲೇ, ನಿದ್ದೆಯೂ ಅಲ್ಲೇ. ಆ ಆತಿಥ್ಯದ ಬೆಲೆಯೂ ಪಟ್ಟಿಯಲ್ಲಿ ಎಲ್ಲೋ ಸೇರಿರುತ್ತಿತ್ತು ಎಂಬುದು ದೊಡ್ಡಪ್ಪನಿಗೆ ಗೊತ್ತಿತ್ತು. ಬೀಜಕ್ಕೆ ಸಾಲ ಕೊಟ್ಟವನೇ ಬೆಳೆಯ ದರ ಹೇಳುತ್ತಿದ್ದ ಕಾಲ ಅದು. ಇದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದ್ದು ಸುಮ್ಮನೆ ಅಲ್ಲ. ರೈತನಿಗೆ ಪಡಸಾಲೆಯ ಮೇಲೆ ಮಲಗಲು ಜಾಗವಿತ್ತು, ವಹಿಯಲ್ಲಿ ಮಾತ್ರ ಅವನು ಯಾವಾಗಲೂ ಸಾಲದ ಪುಟದಲ್ಲಿರುತ್ತಿದ್ದ.

ಹತ್ತಿಯ ಕಾಲ ಇಳಿದ ಮೇಲೆ ವಕಾರಗಳಲ್ಲಿ ಬೇರೆ ಬೇರೆ ಕಸುಬು ಬಂದು ಸೇರಿತು. ಕಟ್ಟಿಗೆ ಅಡ್ಡೆ, ಗ್ಯಾರೇಜು, ವೆಲ್ಡಿಂಗು, ಹಳೆ ಸಾಮಾನು, ಲಾರಿ ಸಾಮಾನು ಇಳಿಸುವ ಗೋದಾಮು. ನಗರಸಭೆಯ ಜಾಗ ಅದು, ಲೀಸು ಮುಗಿದಿತ್ತು. ವ್ಯಾಜ್ಯ ಬಹಳ ವರ್ಷ ನಡೆದು, 2019ರಲ್ಲಿ ಐವತ್ತನಾಲ್ಕು ವಕಾರಗಳನ್ನು ಯಂತ್ರಗಳು ಬಂದು ಕೆಡವಿದವು. ಊರಿಗೆ ಊರೇ ನೋಡಲು ನೆರೆದಿತ್ತು. ಕೆಲವರು ಒಳ್ಳೆಯದಾಯಿತು ಎಂದರು. ಸಾರ್ವಜನಿಕ ಆಸ್ತಿ ಸಾರ್ವಜನಿಕರ ಕೈಗೆ ಬಂದದ್ದು ಒಳ್ಳೆಯದೇ. ಆದರೆ ವಕಾರದ ಒಡೆಯರು ಬೇರೆ, ಅದರ ಮೂಲೆಯಲ್ಲಿ ಬಾಡಿಗೆಗೆ ಕೂತು ಚಕ್ರ ಬಿಗಿಯುತ್ತಿದ್ದವನು, ಬಾಗಿಲು ಮಾಡುತ್ತಿದ್ದವನು ಬೇರೆ. ಒಡೆಯರಿಗೆ ಕೋರ್ಟಿತ್ತು. ಚಕ್ರ ಬಿಗಿಯುವವನಿಗೆ ಊರ ಹೊರಗಿನ ರಸ್ತೆಯ ಅಂಚಿತ್ತು.

ಈಗ ಅಲ್ಲಿ ಏನು ಬರಬೇಕು ಎಂಬುದೇ ಗದಗಿನ ದೊಡ್ಡ ಮಾತು. ವ್ಯಾಪಾರ, ಸಂಸ್ಕೃತಿ, ವಸ್ತುಪ್ರದರ್ಶನಕ್ಕೆಂದು ಒಂದು ಪ್ರಾಧಿಕಾರ ಮಾಡುವ ಮಸೂದೆ ವಿಧಾನಮಂಡಲದವರೆಗೂ ಹೋಯಿತು. ಚಹಾದಂಗಡಿಯಲ್ಲಿ ಕೇಳಿದರೆ ಒಬ್ಬ ದೊಡ್ಡ ಮಾಲ್ ಅನ್ನುತ್ತಾನೆ, ಒಬ್ಬ ಉದ್ಯಾನ ಅನ್ನುತ್ತಾನೆ. ಸುತ್ತಲಿನ ಕಟ್ಟಡಗಳು ಕಾಯದೆ ಮೊದಲೇ ಬಣ್ಣ ಬದಲಿಸಿವೆ. ಕೆಳಗಿನ ಅಂಗಡಿ ತಲೆತಲಾಂತರದಿಂದ ಕಿರಾಣಿಯದಾಗಿದ್ದರೆ ಈಗ ಮೊಬೈಲಿನದು, ಔಷಧದ್ದು, ಚಿನ್ನದ ಸಾಲ ಕೊಡುವವರದು. ಡಿಪಾಜಿಟ್ಟು ಕೇಳಿದರೆ ಹಳೆಯ ಬಾಡಿಗೆದಾರ ತಾನೇ ಸಾಮಾನು ಕಟ್ಟುತ್ತಾನೆ. ಯಾರೂ ಅವನನ್ನು ಹೊರಗೆ ಹಾಕಬೇಕಾಗಿಲ್ಲ.

ದೊಡ್ಡವ್ವ ಬಯಲಿನ ಅಂಚಿನಲ್ಲಿ ನಿಂತು ಬಹಳ ಹೊತ್ತು ನೋಡಿದಳು. "ಇಲ್ಲೊಂದ ಬೇವಿನ ಗಿಡ ಇತ್ತು. ಎತ್ತ ಅಲ್ಲೇ ಬಿಡತಿದ್ದರ ನಿಮ್ಮ ದೊಡ್ಡಪ್ಪ." ಗಿಡ ಕಾಣಲಿಲ್ಲ. ಪ್ರಾಧಿಕಾರವೋ ನಗರಸಭೆಯೋ, ನಕ್ಷೆ ಬರೆಯುವವರು ಯಾರೇ ಇರಲಿ, ಅವರಿಗೆ ಮುಟ್ಟುವುದಾದರೆ ನನ್ನದೊಂದು ವಿನಂತಿ: ಏನೇ ಕಟ್ಟಿರಿ, ಶಿರಹಟ್ಟಿಯಿಂದ, ಲಕ್ಷ್ಮೇಶ್ವರದಿಂದ, ಮುಂಡರಗಿಯಿಂದ ಬಸ್ಸಿನಲ್ಲಿ ಬಂದವರು ಏನೂ ಕೊಳ್ಳದೆಯೂ ಕೂರಬಹುದಾದ ನೆರಳು ಒಂದಿರಲಿ. ನೀರು ಇರಲಿ. ಹೆಂಗಸರಿಗೆ ಸ್ವಚ್ಛವಾದ ಶೌಚಾಲಯ ಇರಲಿ. ಬೆಳಿಗ್ಗೆ ಮನೆ ಬಿಟ್ಟ ಹೆಂಗಸು ಸಂಜೆಯ ತನಕ ನೀರು ಕುಡಿಯದೆ ಪ್ಯಾಟಿ ಸುತ್ತುವುದು ಏಕೆ ಎಂದು ಈ ಊರಿನ ಯಾವ ತಾಯಿಯನ್ನು ಕೇಳಿದರೂ ಹೇಳುತ್ತಾಳೆ.

ಬುತ್ತಿ ಬಿಚ್ಚಿದ್ದು ವೀರನಾರಾಯಣ ಗುಡಿಯ ಹತ್ತಿರದ ಕಲ್ಲುಕಟ್ಟೆಯ ಮೇಲೆ. ಕುಮಾರವ್ಯಾಸ ಕೂತು ಭಾರತ ಬರೆದ ಎನ್ನುವ ಕಂಬ ಒಳಗಿದೆ. ಅವನಿಗೂ ಕೂರಲು ಜಾಗ ಸಿಕ್ಕಿದ್ದು ಇಲ್ಲೇ ಅಲ್ಲವೇ ಎಂದು ನಾನು ಅಂದುಕೊಂಡೆ. ಖಡಕ್ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಹುಡುಗಿ ಎದ್ದು ಹೋಗಿ ಗಾಡಿಯಿಂದ ಬದನೆಕಾಯಿ ಬಜಿ ತಂದಳು. ಎಷ್ಟೇ ಅಂಗಡಿ ಬದಲಾಗಲಿ, ಗದಗಿನ ಬಜಿಯ ಗಾಡಿಯ ಮುಂದೆ ನಿಂತವರ ಗುಂಪು ಬದಲಾಗಿಲ್ಲ. ಕಾರಿನಿಂದ ಇಳಿದವನೂ ಹಮಾಲನೂ ಒಂದೇ ಪೇಪರಿನ ತುಂಡಿಗೆ ಕೈ ಚಾಚುತ್ತಾರೆ. ಕಟ್ಟೆಯ ಆಚೆ ಇಬ್ಬರು ಹುಡುಗರು ಹೋಗುತ್ತಿದ್ದರು, ಹಿಂದಿನವನ ಕೈ ಮುಂದಿನವನ ಹೆಗಲ ಮೇಲೆ. ಇಬ್ಬರೂ ಯಾವುದೋ ಸ್ವರವನ್ನು ಗುನುಗುತ್ತಿದ್ದರು. ವೀರೇಶ್ವರ ಪುಣ್ಯಾಶ್ರಮದವರು ಇರಬೇಕು. ಪಂಚಾಕ್ಷರ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಹಾಡನ್ನೂ ಅನ್ನವನ್ನೂ ಕೊಟ್ಟ ಊರಿದು. ಬಡಿತದಿಂದ ಅಚ್ಚುಕೂಟ, ಲಾಳಿಯ ಸದ್ದಿನಿಂದ ನೇಕಾರರ ಓಣಿ, ವಾಸನೆಯಿಂದ ಎಣ್ಣೆಯ ಗಾಣ ಗೊತ್ತಾಗುತ್ತಿದ್ದ ಊರು, ಗಾಜಿನ ಬಾಗಿಲುಗಳ ಊರಾದ ಮೇಲೆ ಅವರಿಗೆ ಹೇಗೆ ಗುರುತು ಸಿಗುತ್ತದೋ.

ಬೆಟಗೇರಿಗೆ ಹೋಗೋಣ ಎಂದವಳು ದೊಡ್ಡವ್ವ. ಬೀಗಿತ್ತಿಗೆ ಕೊಡುವ ಸೀರೆ ಪ್ಲಾಸ್ಟಿಕ್ ಹೊದ್ದದ್ದು ಆಗಬಾರದು ಎಂದು ಹಟ. ಹೆಸರಿಗೆ ಗದಗ-ಬೆಟಗೇರಿ ಅವಳಿ ನಗರ, ಒಂದೇ ನಗರಸಭೆ. ಆದರೂ ನೇಕಾರರ ಓಣಿಗೆ ಕಾಲಿಟ್ಟ ಕೂಡಲೇ ಬೇರೆ ಊರಿಗೆ ಬಂದ ಹಾಗೆ. ಒಂದು ಕಾಲಕ್ಕೆ ಮನೆಗೊಂದರಂತೆ ಮಗ್ಗ. ಈಗ ಓಣಿಯ ಉದ್ದ ನಡೆದರೂ ಕೈಮಗ್ಗದ ಸದ್ದು ಬಂದದ್ದು ಒಂದೇ ಮನೆಯಿಂದ. ಉಳಿದ ಕಡೆ ವಿದ್ಯುತ್ ಮಗ್ಗದ ಎಡೆಬಿಡದ ಗದ್ದಲ, ಇಲ್ಲವೇ ಹೊಸ ಕಟ್ಟಡದ ಕಬ್ಬಿಣದ ಸಲಾಕೆ. ಮಗ್ಗದ ಕುಣಿ ಮುಚ್ಚಿ ಟೈಲ್ಸ್ ಹಾಕಿಸಿ ಬಾಡಿಗೆಗೆ ಕೊಟ್ಟ ಮನೆಗಳು ಹಲವು. ನೇಕಾರನ ಮಗ ಬೆಂಗಳೂರಿನಲ್ಲಿದ್ದಾನೆ, ಅವನು ಬಾ ಎಂದರೂ ಬಾರನು. ತಂದೆಯೂ ಬಾ ಎನ್ನಲಾರ. ದಿನವಿಡೀ ಕುಣಿಯಲ್ಲಿ ಕಾಲಿಟ್ಟು ಕೂತು ನೇಯ್ದರೆ ಕೈಗೆ ಬರುವ ಕೂಲಿ ಎಷ್ಟೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಸದ್ದು ಬಂದ ಮನೆಯ ಬಾಗಿಲಲ್ಲಿ ನಿಂತೆವು. ಮುದುಕ ಮಗ್ಗ ನಿಲ್ಲಿಸಲಿಲ್ಲ, ಕಣ್ಣಲ್ಲೇ ಕರೆದ. ಮನೆಯಾಕೆ ಚಾಪೆ ಹಾಸಿದಳು. ದೊಡ್ಡವ್ವ ಚಾಪೆ ಬಿಟ್ಟು ಕುಣಿಯ ಅಂಚಿಗೇ ಕೂತು, ಹಾಸಿನ ಎಳೆಗಳ ಮೇಲೆ ಅಂಗೈ ಇಟ್ಟಳು. ಇಬ್ಬರು ಮುದುಕರೂ ಮಾತಾಡಿದ್ದು ಸೀರೆಯ ಬಗ್ಗೆ ಅಲ್ಲ. ಮೊಣಕಾಲು ನೋವಿನ ಬಗ್ಗೆ, ನೂಲಿನ ದರದ ಬಗ್ಗೆ, ಈ ಸಲದ ಜೋಳದ ತೆನೆಯ ಬಗ್ಗೆ. ಲಾಳಿ ಅತ್ತಿಂದಿತ್ತ ಓಡುತ್ತಲೇ ಇತ್ತು. ನಿಂಬೆಹುಳಿ ಹಿಂಡಿದ ಕರಿ ಚಹಾ ಬಂತು. ಸೀರೆಯ ಮಾತು ಕೊನೆಗೆ ಐದು ನಿಮಿಷದಲ್ಲಿ ಮುಗಿಯಿತು, ಚೌಕಾಸಿಯೂ ಇಲ್ಲದೆ. ಹುಡುಗಿ ಅಲ್ಲಿಯೇ ಫೋನಿನಿಂದ ಹಣ ಕಳಿಸಿದಳು. ಗೋಡೆಯ ಮೇಲೆ ಬನಶಂಕರಿಯ ಪಟದ ಕೆ‌ಳಗೆ ಅಂಟಿಸಿದ್ದ ಕಪ್ಪು-ಬಿಳಿ ಚೌಕ, ಹಣ ಬಂತೆಂದು ಕನ್ನಡದಲ್ಲಿ ಕೂಗಿ ಹೇಳುವ ಪೆಟ್ಟಿಗೆ. ಆ ದನಿಗೆ ಮುದುಕ ಮಗ್ಗ ನಿಲ್ಲಿಸಿದ. ಸೀರೆಯ ಫೋಟೊ ತೆಗೆದು ಇನ್‌ಸ್ಟಾಗ್ರಾಮಿನಲ್ಲಿ ಹಾಕಲೇ ಎಂದು ಹುಡುಗಿ ಕೇಳಿದಳು. "ಹಾಕವ್ವ, ಆದರ ಭಾಳ ಮಂದಿ ಕೇಳಿದರ ನಾ ಒಬ್ಬಾಂವ ಎಷ್ಟಂತ ನೇಯಲಿ?" ಎಂದ.

ಕೊನೆಯ ಕೆಲಸ ಟೇಲರ್ ಮಾಸ್ತರದು. ಜವಳಿ ಅಂಗಡಿಯ ಕಟ್ಟೆಯ ಮೇಲೆ ಅವರ ಹೊಲಿಗೆ ಯಂತ್ರ ಇದ್ದದ್ದು ಮೂವತ್ತು ವರ್ಷ. ಸೀರೆ ಒಳಗೆ, ಕುಪ್ಪಸ ಹೊರಗೆ. ಎರಡೂ ಕೂಡಿ ಒಂದೇ ವ್ಯಾಪಾರ. ಅಂಗಡಿ ಒಡೆದು ಮಹಡಿ ಎದ್ದಾಗ ಕಟ್ಟೆ ಹೋಯಿತು. ನಾಲ್ಕು ಕಡೆ ವಿಚಾರಿಸಿ ಅವರನ್ನು ಹುಡುಕಿದೆವು. ಬೇರೊಂದು ಕಟ್ಟಡದ ಮೆಟ್ಟಿಲ ಕೆಳಗೆ, ಮೀಟರ್ ಪೆಟ್ಟಿಗೆಗಳ ಪಕ್ಕ, ಒಂದು ಬಲ್ಬಿನ ಬೆಳಕಿನಲ್ಲಿ ಯಂತ್ರ ತುಳಿಯುತ್ತಿದ್ದರು. ಈಗ ಬರುವ ಕೆಲಸ ಹೆಚ್ಚಾಗಿ ರೆಡಿಮೇಡ್ ಪ್ಯಾಂಟಿನ ಕಾಲು ಕಡಿಮೆ ಮಾಡುವುದು, ಜಿಪ್ಪು ಬದಲಿಸುವುದು. ದೊಡ್ಡವ್ವನನ್ನು ನೋಡಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಬರ್ರಿ ಯಕ್ಕಾರ, ಬರ್ರಿ. ಮಾಗಡಿ ಯಕ್ಕಾರು! ಕುಂದರ್ರಿ."

ಕೂರಲು ಅಲ್ಲಿ ಏನಿತ್ತು? ಅವರದೇ ಒಂದು ಸ್ಟೂಲು. ಮಾಸ್ತರು ಎದ್ದು, ಮೂಲೆಯಲ್ಲಿದ್ದ ಚಿಂದಿ ಬಟ್ಟೆಯ ಗಂಟನ್ನು ಎಳೆದು, ಎರಡು ಕೈಯಿಂದ ಬಡಿದು ಸಮ ಮಾಡಿ, ಮೇಲೆ ಹೊಸ ಖಣದ ತುಂಡೊಂದನ್ನು ಹಾಸಿದರು. ದೊಡ್ಡವ್ವ ಗೋಡೆಗೆ ಒರಗಿ ಕೂತು, ಕಾಲು ಚಾಚಿ, ಉಸ್ಸೆಂದು ಉಸಿರು ಬಿಟ್ಟಳು.

ಹುಡುಗಿ ಮೊಬೈಲಿನಲ್ಲಿ ಕುಪ್ಪಸದ ಬೆನ್ನಿನ ಚಿತ್ರ ತೋರಿಸಿದಳು. ಮಾಸ್ತರು ಅದನ್ನು ದೊಡ್ಡದು ಮಾಡಿ, ಸಣ್ಣದು ಮಾಡಿ, ತಿರುಗಿಸಿ ನೋಡಿ, "ಆಗತೈತಿ ಬಿಡವ್ವ" ಎಂದರು. ಯಂತ್ರದ ಖಾನೆಯಿಂದ ಕೆಂಪು ಅರಿವೆಯ ವಹಿಯೊಂದನ್ನು ತೆಗೆದರು. ಅಂಚುಗಳು ಸವೆದು ಒಳಗಿನ ರಟ್ಟು ಕಾಣುತ್ತಿತ್ತು. ಊರಿನ ಪ್ರಕಾರ ಪುಟಗಳು: ಸೊರಟೂರು, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ. ಬೆರಳಿಗೆ ಉಗುಳು ಹಚ್ಚಿ ತಿರುವುತ್ತ ಮಾಗಡಿಗೆ ಬಂದರು. ದೊಡ್ಡವ್ವನ ಹೆಸರು, ಅಳತೆ. ಅದರ ಕೆಳಗೆ ಅವಳ ಸೊಸೆಯ ಹೆಸರು, ಮದುವೆಯ ವರ್ಷದ ಅಳತೆ, ಹಡೆದ ಮೇಲಿನ ಅಳತೆ ಬೇರೆ. ಒಂದು ಕಡೆ ಸಣ್ಣದಾಗಿ 'ನಲವತ್ತು ಬಾಕಿ' ಎಂದಿತ್ತು, ಅದರ ಮೇಲೆ ಗೀಟು ಎಳೆದಿತ್ತು.

ಹುಡುಗಿಯ ಹೆಗಲಿಗೆ ಟೇಪು ಹಿಡಿದು, ಪೆನ್ಸಿಲನ್ನು ಕಿವಿಯಿಂದ ತೆಗೆದು, ಸೊಸೆಯ ಹೆಸರಿನ ಕೆಳಗೆ ಊರಿ ಮಾಸ್ತರು ಕೇಳಿದರು: "ಹೆಸರೇನ ಬರೀಲವ್ವ?"